ಗದ್ದೆ, ಗಂಟಿ ಮತ್ತು ನಮ್ಮ ಒಂದು ಓಟು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೇಸಾಯ, ಊರಿನ ನಡೆನುಡಿ, ಮತದಾನ, ಈ ಮೂರನ್ನೂ ಸೇರಿಸಿ ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಸಹಕಾರ ಸಂಘದ ವೇದಿಕೆಯಲ್ಲಿ ರಾಜಕೀಯ ಮಾತಾಡಬಾರದು ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದ ಕ್ರಮ. ಅದು ಒಳ್ಳೆಯ ಕ್ರಮವೇ. ಆದ್ದರಿಂದ ಯಾವ ಪಕ್ಷದ ಹೆಸರನ್ನೂ ನಾವು ಇಲ್ಲಿ ಎತ್ತುವುದಿಲ್ಲ. ಆದರೆ ಪಕ್ಷದ ಮಾತು ಬೇರೆ, ಓಟಿನ ಮಾತು ಬೇರೆ. ಗದ್ದೆಗೆ ನೀರು ಬರುವುದು, ಭತ್ತಕ್ಕೆ ಬೆಲೆ ಸಿಗುವುದು, ಹಾಲಿಗೆ ಎರಡು ರೂಪಾಯಿ ಹೆಚ್ಚು ಬರುವುದು, ಇದೆಲ್ಲ ಎಲ್ಲೋ ಒಂದು ಸಭೆಯಲ್ಲಿ ಯಾರೋ ಕೈ ಎತ್ತಿ ತೀರ್ಮಾನ ಮಾಡುವ ಸಂಗತಿ. ಆ ಕೈಯನ್ನು ಅಲ್ಲಿಗೆ ಕಳುಹಿಸುವವರು ನಾವು. ಕಳುಹಿಸಿದ ಮೇಲೆ ಎಂತ ಮಾಡುತ್ತೇವೆ ಎಂಬುದೇ ಇವತ್ತಿನ ನಮ್ಮ ಮಾತು.

ಮೊದಲು ಸ್ವಲ್ಪ ಹಳೆಯ ಲೆಕ್ಕ. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ, ನಮ್ಮ ಕುಂದಾಪುರ ತಾಲೂಕು ಒಂದು ಕಾಲದಲ್ಲಿ ಮದರಾಸಿಗೆ ಸೇರಿತ್ತು. 1952ರಲ್ಲಿ ಮೊದಲನೇ ಮಹಾಚುನಾವಣೆ ನಡೆದಾಗ ನಮ್ಮ ಅಜ್ಜ, ಅಜ್ಜಿಯವರು ಓಟು ಹಾಕಿದ್ದು ಮದರಾಸು ವಿಧಾನಸಭೆಗೆ. ತಮಿಳು, ತೆಲುಗು, ಮಲಯಾಳ ಮಾತಾಡುವವರ ನಡುವೆ ನಮ್ಮ ಜಿಲ್ಲೆಯ ಸದಸ್ಯರೂ ಹೋಗಿ ಕೂರಬೇಕಿತ್ತು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿರುತ್ತಿತ್ತು. ಓದು ಬಾರದವರೂ ಚಿತ್ರ ನೋಡಿ ಚೀಟಿ ಹಾಕಿ ಬರಬಹುದಿತ್ತು. 1956 ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1957ರಿಂದ ನಮ್ಮ ಓಟು ಬೆಂಗಳೂರಿನ ಸಭೆಗೆ ಹೋಯಿತು.

ಆದರೆ ಬಂಧುಗಳೇ, ಆಗ ಓಟು ಇತ್ತು, ಗದ್ದೆ ಇರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳು ಚಾಲಗೇಣಿ ಒಕ್ಕಲು. ಕೊಯ್ಲು ಮುಗಿದ ಕೂಡಲೇ ಗೇಣಿ ಅಕ್ಕಿಯ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕಬೇಕು, ಉಳಿದದ್ದು ಮನೆಗೆ. "ಗೇಣಿ ಒಕ್ಕಲಿಗೆ ಎಂತ ಓಟ್ ಮಾರಾಯ, ಧಣಿಗಳ್ ಹೇಳ್ದಲ್ಲಿಗೆ ಹಾಕುದ್ ಅಷ್ಟೇ" ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿ ಬೆಳೆದವರು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಬಂದ ಭೂಸುಧಾರಣೆ ತಿದ್ದುಪಡಿ ಕಾನೂನು 1974 ಮಾರ್ಚ್ 1ರಿಂದ ಜಾರಿಗೆ ಬಂತು. ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆಯ ಮಾತಿನಲ್ಲಿ ಅದು 'ಡಿಕ್ಲರೇಶನ್'. ಧೈರ್ಯ ಮಾಡಿ ಡಿಕ್ಲರೇಶನ್ ಕೊಟ್ಟವರು, ಭೂ ನ್ಯಾಯಮಂಡಳಿಯ ಎದುರು ನಿಂತು ಇದು ನಾವು ಉಳುವ ಗದ್ದೆ ಎಂದು ಹೇಳಿದವರು ಭೂಮಿಯ ಒಡೆಯರಾದರು. ದಾಕ್ಷಿಣ್ಯಕ್ಕೋ ಹೆದರಿಕೆಗೋ ಅರ್ಜಿ ಕೊಡದೆ ಕೂತವರಿಗೆ ಗದ್ದೆ ಬರಲಿಲ್ಲ. ಭೂಮಿ ಕಳೆದುಕೊಂಡ ಸಣ್ಣ ಹಿಡುವಳಿಯ ಮನೆಗಳೂ ಇದ್ದುವು, ಅವರ ಸಂಕಟವೂ ಸುಳ್ಳಲ್ಲ. ಎರಡೂ ಕಡೆಯ ಮಕ್ಕಳು ಇವತ್ತು ನಮ್ಮ ಸಂಘದಲ್ಲಿ ಒಂದೇ ಸಾಲಿನಲ್ಲಿ ನಿಂತು ಹಾಲು ಕೊಡುತ್ತಿದ್ದಾರೆ.

ಇದನ್ನು ಯಾಕೆ ಹೇಳಿದೆವು ಎಂದರೆ, ಕಾನೂನು ಬಂದದ್ದು ಓಟಿನಿಂದ, ಗದ್ದೆ ಬಂದದ್ದು ಅರ್ಜಿಯಿಂದ. ಓಟು ಹಾಕಿ ಮನೆಗೆ ಹೋಗಿ ಮಲಗಿದರೆ ಅರ್ಧ ಕೆಲಸ ಮಾತ್ರ ಆದ ಹಾಗೆ. ಉಳಿದ ಅರ್ಧವನ್ನು ನಾವೇ ಬೆನ್ನು ಹತ್ತಿ ಮಾಡಿಸಿಕೊಳ್ಳಬೇಕು.

ಹಾಲಿನ ವಿಷಯವನ್ನೇ ನೋಡಿ. ಸಂಘಕ್ಕೆ ಹಾಲು ಕೊಡುವವರಿಗೆ ರಾಜ್ಯ ಸರಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಸುರು ಮಾಡಿತು. 2013ರಲ್ಲಿ ಅದು 4 ರೂಪಾಯಿ ಆಯಿತು, 2016ರಲ್ಲಿ 5 ರೂಪಾಯಿ. ಬೇರೆ ಬೇರೆ ಪಕ್ಷದ ಸರಕಾರಗಳು ಬಂದು ಹೋದರೂ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಯಾಕೆ? ಹಾಲು ಕೊಡುವವರು ಒಂದು ಲೆಕ್ಕಕ್ಕೆ ಸಿಗುವವರು. ಊರೂರಿನಲ್ಲಿ ಸಂಘ ಇದೆ, ಸಂಘದಲ್ಲಿ ಪಟ್ಟಿ ಇದೆ, ಪಟ್ಟಿಯಲ್ಲಿ ಹೆಸರಿದೆ. ಬೆಳೆಸಾಲದ ಮಾತೂ ಹಾಗೆಯೇ. ಸಹಕಾರ ಸಂಘಗಳ ಮೂಲಕ ಕೊಡುವ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿ 2023–24ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು.

ಅದೇ ನಮ್ಮ ಭತ್ತದ ಕಥೆ ನೋಡಿ. ಬೈಲು ಗದ್ದೆಯಲ್ಲಿ ಕಾರ್ತಿ ಬೆಳೆ ಕೊಯ್ಲಿಗೆ ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ಹೆಚ್ಚಿನವರು ಹಾಕುವುದು ಎಂಒ 4, ಕೆಂಪು ಕುಚ್ಚಲಕ್ಕಿಯ ಭತ್ತ. ಈಗ ಕೊಯ್ಯುವ ಆಳಿಲ್ಲ, ಕಟಾವು ಯಂತ್ರ ಬರುತ್ತದೆ. ಒಣಗಿಸಲು ಅಂಗಳ ಸಾಲದು, ತುಂಬಿಡಲು ಕಣಜ ಇಲ್ಲ. ಮೇಲಿಂದ ಮಳೆಯ ಹೆದರಿಕೆ ಬೇರೆ. ಹಸಿ ಭತ್ತವನ್ನೇ ಲಾರಿಗೆ ತುಂಬಿ ಮಿಲ್ಲಿಗೆ ಕಳುಹಿಸುವುದು ಬಿಟ್ಟರೆ ದಾರಿ ಇಲ್ಲ. 2024–25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2300 ರೂಪಾಯಿ ಬೆಂಬಲ ಬೆಲೆ ಎಂದು ಪೇಪರಿನಲ್ಲಿ ಓದಿದೆವು. ಆದರೆ ಖರೀದಿ ಕೇಂದ್ರದ ಸುದ್ದಿ ಬರುವ ಹೊತ್ತಿಗೆ ಕರಾವಳಿಯಲ್ಲಿ ಹೆಚ್ಚಿನವರ ಭತ್ತ ಮಾರಿ ಆಗಿರುತ್ತದೆ. ಬೆಲೆ ಇದ್ದೂ ನಮಗೆ ದಕ್ಕುವುದಿಲ್ಲ.

ಒಂದು ಕಾಲದಲ್ಲಿ ನಮ್ಮೊಂದಿಗೆ ಮದರಾಸಿಗೆ ಸೇರಿದ್ದ ತಂಜಾವೂರು, ತಿರುವಾರೂರು ಕಡೆಯ ಕಾವೇರಿ ಬಯಲಿನಲ್ಲಿ ಅಲ್ಲಿನ ಸರಕಾರದ ನಾಗರಿಕ ಪೂರೈಕೆ ನಿಗಮ ಹಳ್ಳಿ ಹಳ್ಳಿಯಲ್ಲಿ ನೇರ ಭತ್ತ ಖರೀದಿ ಕೇಂದ್ರ ತೆರೆಯುತ್ತದೆ. ಅಲ್ಲಿಯೂ ತೇವದ ಜಗಳ, ಲಾರಿ ಬಾರದ ಜಗಳ ಇಲ್ಲದೆ ಇಲ್ಲ. ಆದರೆ ಭತ್ತದ ಮಾತನ್ನು ಬಿಟ್ಟು ಓಟು ಕೇಳಲು ಅಲ್ಲಿ ಯಾರಿಗೂ ಸಾಧ್ಯವಿಲ್ಲ. 2020ರಲ್ಲಿ ಆ ಬಯಲನ್ನು ಸಂರಕ್ಷಿತ ಕೃಷಿ ವಲಯ ಎಂದು ತಮಿಳುನಾಡು ವಿಧಾನಸಭೆ ಕಾನೂನನ್ನೇ ಮಾಡಿತು. ಗದ್ದೆಯವರು ವರ್ಷಗಟ್ಟಲೆ ಒಂದೇ ಮಾತನ್ನು ಬಿಡದೆ ಹೇಳಿದರು, ಅದು ಕಾನೂನಿನವರೆಗೆ ಹೋಯಿತು. ನಮ್ಮ ಕಡೆ ಚುನಾವಣೆಗೆ ಬಂದವರ ಹತ್ತಿರ ಖರೀದಿ ಕೇಂದ್ರ ಯಾವ ತಿಂಗಳಿಗೆ ತೆರೆಯುತ್ತೀರಿ ಎಂದು ಕೇಳಿದವರು ಎಷ್ಟು ಜನ?

ವಾರಾಹಿಯ ಲೆಕ್ಕವೂ ನಿಮಗೆ ಗೊತ್ತಿದ್ದದ್ದೇ. ನಮ್ಮ ಹೊಳೆಯ ನೀರಿನಿಂದ ಹೊಸಂಗಡಿಯಲ್ಲಿ ಕರೆಂಟು ತಯಾರಾಗಿ ರಾಜ್ಯಕ್ಕೆಲ್ಲ ಹೋಗುತ್ತದೆ. ಅದೇ ಹೊಳೆಯ ನೀರಾವರಿ ಯೋಜನೆಗೆ 1979ರಲ್ಲಿ ಮಂಜೂರಾತಿ ಸಿಕ್ಕಿತು. ಎಡದಂಡೆ ನಾಲೆಗೆ ನೀರು ಬಿಟ್ಟದ್ದು 2015ರಲ್ಲಿ. ಮೂವತ್ತಾರು ವರ್ಷ! ಯೋಜನೆಯ ಸುದ್ದಿ ಕೇಳಿದಾಗ ಇಪ್ಪತ್ತು ವರ್ಷದ ಹುಡುಗನಾಗಿದ್ದವನು ನೀರು ನೋಡುವಾಗ ಮೊಮ್ಮಕ್ಕಳ ಅಜ್ಜ. ಅಷ್ಟರಲ್ಲಿ ಎಷ್ಟು ವಿಧಾನಸಭೆ ಚುನಾವಣೆ, ಎಷ್ಟು ಲೋಕಸಭೆ ಚುನಾವಣೆ ಬಂದು ಹೋಯಿತು ಎಂದು ಬೆರಳು ಮಡಚಿ ನೋಡಿ. ಪ್ರತಿ ಸಲವೂ ನಾವು ಓಟು ಹಾಕಿದ್ದೇವೆ. ನಡುವಿನ ವರ್ಷಗಳಲ್ಲಿ ಕೇಳಿದವರು ಕಡಿಮೆ. ನೀರಿಗೆ ಕಾದು ಕಾದು ಮಕ್ಕಳು ಬೆಂಗಳೂರು, ಮುಂಬಯಿ ಹೋಟೆಲುಗಳಿಗೆ ಹೋದರು. ಕೊಳ್ಕೆ ಬೆಳೆ, ಸುಗ್ಗಿ ಬೆಳೆ ಎರಡನ್ನೂ ಬಿಟ್ಟರು, ಕೊನೆಗೆ ಗದ್ದೆಯೇ ಹಡಿಲು ಬಿತ್ತು. 2021ರಲ್ಲಿ ಉಡುಪಿ ಕಡೆ ಹಡಿಲು ಗದ್ದೆಗಳಲ್ಲಿ ಮತ್ತೆ ಬೇಸಾಯ ಮಾಡಿಸುವ ದೊಡ್ಡ ಆಂದೋಲನವೇ ಆಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ನಮ್ಮ ಕ್ಷೇತ್ರದ ವಿಚಾರ. ನಮ್ಮದು ಕುಂದಾಪುರ ತಾಲೂಕು. 1997 ಆಗಸ್ಟಿನವರೆಗೆ ಜಿಲ್ಲಾ ಕಚೇರಿಗೆ ಮಂಗಳೂರಿಗೆ ಹೋಗಬೇಕಿತ್ತು, ಆಮೇಲೆ ಉಡುಪಿ ನಮ್ಮ ಜಿಲ್ಲೆಯಾಯಿತು. ವಿಧಾನಸಭೆಗೆ ನಾವು ಬೈಂದೂರು ಕ್ಷೇತ್ರ. 2008ರ ಕ್ಷೇತ್ರ ವಿಂಗಡಣೆಯ ನಂತರ ಬೈಂದೂರು ಕ್ಷೇತ್ರ ಲೋಕಸಭೆಗೆ ಶಿವಮೊಗ್ಗಕ್ಕೆ ಸೇರಿತು, ಕುಂದಾಪುರ ಕ್ಷೇತ್ರ ಉಡುಪಿ–ಚಿಕ್ಕಮಗಳೂರಿಗೆ. 2024ರ ಲೋಕಸಭಾ ಚುನಾವಣೆಯಲ್ಲಿ ಕುಂದಾಪುರ ಕ್ಷೇತ್ರದ ನೆಂಟರು ಏಪ್ರಿಲ್ 26ಕ್ಕೆ ಬೆರಳಿಗೆ ಶಾಯಿ ಹಾಕಿಸಿಕೊಂಡರೆ ನಾವು ಹಾಕಿಸಿಕೊಂಡದ್ದು ಮೇ 7ಕ್ಕೆ. ಒಂದೇ ತಾಲೂಕು, ಒಂದೇ ಮಾತು, ಎರಡು ಲೋಕಸಭಾ ಕ್ಷೇತ್ರ. ಒಂದು ಕಾಗದಕ್ಕೆ ಕುಂದಾಪುರ, ಇನ್ನೊಂದಕ್ಕೆ ಉಡುಪಿ, ಸಂಸದರನ್ನು ಕಾಣಬೇಕಾದರೆ ಬಾಳೆಬರೆ ಘಾಟಿ ಹತ್ತಬೇಕು ಎಂಬ ಸ್ಥಿತಿ. ಹೀಗಿರುವಾಗ ಒಬ್ಬೊಬ್ಬರೇ ಹೋಗಿ ಕೇಳಿದರೆ "ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎನ್ನುವ ಉತ್ತರವೇ ಸಿಗುವುದು. ಹತ್ತು ಜನ ಸೇರಿ, ಬರೆದು, ಸಹಿ ಹಾಕಿ ಕೊಟ್ಟರೆ ಹಾಗೆ ಹೇಳಲು ಸ್ವಲ್ಪ ಯೋಚಿಸುತ್ತಾರೆ.

ಜಿಲ್ಲಾ ಪಂಚಾಯತು, ತಾಲೂಕು ಪಂಚಾಯತಿನ ಮಾತು ಎತ್ತಿದರೆ ಇನ್ನೂ ಬೇಸರ. 2016ರ ಫೆಬ್ರವರಿಯಲ್ಲಿ ಆರಿಸಿ ಬಂದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ನಮ್ಮ ಕೈಯಿಂದ ಎರಡು ಓಟು ಹೋಯಿತು, ಯಾರೂ ಕೇಳಲಿಲ್ಲ. ಹಾಲಿನ ಡಿಗ್ರಿ ಒಂದು ಅಂಕೆ ಇಳಿದರೆ ಗಲಾಟೆ ಮಾಡುವ ನಾವು ಇದಕ್ಕೆ ಸುಮ್ಮನಿದ್ದೆವು.

ಈಗ ನಮ್ಮ ಊರಿನ ನಡೆನುಡಿಗೆ ಬರುವಾ. ನಮ್ಮ ದೇವರ ಹೆಸರಿನಲ್ಲೇ ಒಂದು ಪಾಠ ಇದೆ. ಪರಶುರಾಮ ಸೃಷ್ಟಿಯ ಏಳು ಕ್ಷೇತ್ರಗಳಲ್ಲಿ ಒಂದಾದ ನಮ್ಮ ಊರಿನಲ್ಲಿ ಶಂಕರನೂ ನಾರಾಯಣನೂ ಒಂದೇ ಗುಡಿಯಲ್ಲಿ ಪೂಜೆ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಒಂದೇ ಗಂಟೆ, ಒಂದೇ ಮಂಗಳಾರತಿ. ಆ ದೇವರ ಎದುರು ನಿಂತು ಬಂದ ನಾವು ಪಂಚಾಯತು ಚುನಾವಣೆ ಬಂತೆಂದರೆ ಎರಡು ಪಂಗಡ. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ ಎಂದು ಕಾನೂನು ಹೇಳಿದರೂ ನೆರೆಮನೆಯವರ ನಡುವೆ ಮಾತು ನಿಲ್ಲುತ್ತದೆ. ಮೊದಲು ನಟ್ಟಿಗೆ ಮುಯ್ಯಾಳು ಬರುತ್ತಿದ್ದರು. ನಮ್ಮ ಗದ್ದೆಗೆ ಅವರು, ಅವರ ಗದ್ದೆಗೆ ನಾವು. ಓಟಿನ ಜಗಳದಲ್ಲಿ ಎಷ್ಟೋ ಕಡೆ ಮುಯ್ಯಾಳು ತಪ್ಪಿ ಹೋಗಿದೆ. ಗೆದ್ದವರು ಪಂಚಾಯತಿನಲ್ಲಿ ಕೂತರು, ನಟ್ಟಿಯಾಗದೆ ಉಳಿದದ್ದು ನಮ್ಮ ನಿಮ್ಮ ಗದ್ದೆ.

ತಾಳಮದ್ದಳೆ ನೋಡಿದವರು ನೀವು. ಕೃಷ್ಣನ ಅರ್ಥ ಹೇಳುವವರೂ ಕೌರವನ ಅರ್ಥ ಹೇಳುವವರೂ ಎದುರೆದುರು ಕೂತು ಸೂಜಿ ಮೊನೆಯಷ್ಟೂ ಬಿಟ್ಟುಕೊಡದೆ ವಾದ ಮಾಡುತ್ತಾರೆ. ಮಂಗಳ ಆದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳ ಹರಕೆ ಆಟಕ್ಕೆ ಯಾವ ಪಕ್ಷದವರಾದರೂ ಒಂದೇ ಚಾಪೆಯಲ್ಲಿ ಕೂತು ನೋಡುತ್ತೇವೆ. ಆ ಕ್ರಮವನ್ನು ಚುನಾವಣೆಗೂ ತರಬೇಕು. ವಾದ ಜೋರಾಗಿ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಮತ ಎಣಿಕೆ ಆದ ಮರುದಿನ ನೆರೆಮನೆಯ ಗಂಟಿಗೆ ಹುಷಾರಿಲ್ಲ ಎಂದರೆ ಓಡಿ ಹೋಗಲೇಬೇಕು.

ಇನ್ನೊಂದು ಮಾತು, ಹೇಳಲು ಸ್ವಲ್ಪ ಮುಜುಗರ. ಓಟಿನ ಹಿಂದಿನ ರಾತ್ರಿ ಕೆಲವು ಕಡೆ ಕವರು ಬರುತ್ತದೆ ಎಂಬುದು ಗುಟ್ಟಲ್ಲ. ಐನೂರು ರೂಪಾಯಿ ಎಂದೇ ಇಟ್ಟುಕೊಳ್ಳಿ. ಐದು ವರ್ಷಕ್ಕೆ 1825 ದಿನ. ಭಾಗಿಸಿದರೆ ದಿನಕ್ಕೆ 27 ಪೈಸೆ. ಲೀಟರಿಗೆ 27 ಪೈಸೆ ಕಡಿಮೆ ಬಿದ್ದರೆ ಕಾರ್ಯದರ್ಶಿಯವರ ಹತ್ತಿರ ಅರ್ಧ ಗಂಟೆ ಜಗಳ ಮಾಡುವವರು ನಾವು. ಅದೇ ದರಕ್ಕೆ ಐದು ವರ್ಷದ ಬಾಯಿಯನ್ನು ಮಾರಿದರೆ ಆಮೇಲೆ ಕೇಳಲು ಬಾಯಿ ಎಲ್ಲಿದೆ?

ರಸ್ತೆ ಇಲ್ಲ, ಸೇತುವೆ ಇಲ್ಲ ಎಂದು ಕೆಲವು ಕಡೆ "ಮತದಾನ ಬಹಿಷ್ಕಾರ" ಎಂಬ ಬ್ಯಾನರು ಕಟ್ಟುತ್ತಾರೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ಶಾಲೆ ಮಕ್ಕಳನ್ನು ದಾಟಿಸುವ ಮನೆಗೆ ಸಿಟ್ಟು ಬಾರದೆ ಇರುತ್ತದೆಯೇ? ಬ್ಯಾನರು ಕಟ್ಟಿದ ಕೂಡಲೇ ಅಧಿಕಾರಿಗಳು ಓಡಿ ಬರುತ್ತಾರೆ, ಅದೂ ನಿಜ. ಆದರೆ ಓಟು ಹಾಕದವರ ಬೂತಿನ ಲೆಕ್ಕ ಸೊನ್ನೆ ಎಂದು ಬಿದ್ದರೆ ಗೆದ್ದವರಿಗೂ ಬೇಡ, ಸೋತವರಿಗೂ ಬೇಡ. ಯಾರೂ ಬೇಡ ಎನ್ನುವವರಿಗೆ 2013ರಿಂದ ನೋಟಾ ಗುಂಡಿಯೂ ಇದೆ. ಸಿಟ್ಟನ್ನು ಯಂತ್ರದಲ್ಲಿ ಒತ್ತಿ ಬನ್ನಿ, ಲೆಕ್ಕಕ್ಕೆ ಸಿಗುತ್ತದೆ. ಎಂಬತ್ತು ದಾಟಿದ ಹಿರಿಯರ ಮನೆ ಬಾಗಿಲಿಗೇ ಹೋಗಿ ಓಟು ಪಡೆದ ಕ್ರಮ 2023ರ ವಿಧಾನಸಭಾ ಚುನಾವಣೆಯಲ್ಲಿ ಬಂತು. ಏಳಲಾಗದ ಅಜ್ಜಿ ಮಂಚದಲ್ಲಿ ಕೂತು ಓಟು ಹಾಕಿದ ಮೇಲೆ ಕೈಕಾಲು ಗಟ್ಟಿ ಇರುವ ನಾವು "ನಮ್ ಒಂದ್ ಓಟಿಂದ ಎಂತ ಆತ್ತ್" ಎನ್ನುವುದು ಸರಿಯಲ್ಲ.

ಕೊನೆಗೆ ನಮ್ಮ ಸಂಘದ ಓಟಿಗೆ ಬರುತ್ತೇವೆ. ಮುಖ್ಯ ಮಾತು ಇದೇ. ಪಕ್ಕದ ಮೊಳಹಳ್ಳಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದಾಗ ನಮ್ಮ ದೇಶದಲ್ಲಿ ಎಲ್ಲರಿಗೂ ಓಟಿನ ಹಕ್ಕು ಇರಲಿಲ್ಲ. ಭೂಮಿ ಕಂದಾಯ ಕಟ್ಟುವ ಕೆಲವರಿಗೆ ಮಾತ್ರ ಏನೋ ಸ್ವಲ್ಪ ಇತ್ತು. ಸಹಕಾರ ಸಂಘದಲ್ಲಿ ಮಾತ್ರ ಒಂದು ಶೇರಿನವನಿಗೂ ನೂರು ಶೇರಿನವನಿಗೂ ಒಂದೇ ಓಟು. ಅದಕ್ಕೇ ಸಹಕಾರ ಸಂಘವನ್ನು ಪ್ರಜಾಪ್ರಭುತ್ವದ ಮೊದಲ ಶಾಲೆ ಎಂದು ನಾವು ಹೇಳುವುದು. ಇಲ್ಲಿ ವರ್ಷಕ್ಕೊಮ್ಮೆ ಜಮಾಖರ್ಚು ಓದುತ್ತಾರೆ. ಎದ್ದು ನಿಂತು ಕೇಳಬಹುದು. ಎಂಎಲ್‌ಎ, ಎಂಪಿಯವರ ಹತ್ತಿರ ಲೆಕ್ಕ ಕೇಳುವ ಅಭ್ಯಾಸ ಮಾಡಿಕೊಳ್ಳುವುದಿದ್ದರೆ ಮೊದಲು ನಮ್ಮ ಹತ್ತಿರ, ಈ ನಿರ್ದೇಶಕರ ಹತ್ತಿರ ಕೇಳಿ.

ಆದರೆ ಆ ಓಟೇ ಈಗ ಕಡಿಮೆಯಾಗುತ್ತಾ ಬಂದಿದೆ. ನಿಗದಿಯಾದಷ್ಟು ಮಹಾಸಭೆಗೆ ಬಾರದವರ, ನಿಗದಿಯಾದಷ್ಟು ದಿನ ಹಾಲು ಕೊಡದವರ ಹೆಸರು ಅನರ್ಹ ಮತದಾರರ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯನ್ನು ಸಂಘದ ಬೋರ್ಡಿಗೆ ಅಂಟಿಸಿದಾಗ ಸಂಘ ಸುರುವಾದ ದಿನ ಹಾಲು ಕೊಟ್ಟ ಹಿರಿಯರ ಹೆಸರೂ ಅದರಲ್ಲಿತ್ತು. ಮಕ್ಕಳು ಊರಲ್ಲಿಲ್ಲ, ಹುಲ್ಲು ತರುವವರಿಲ್ಲ, ಹಿಂಡಿಯ ಬೆಲೆ ಏರಿತು, ಗಂಟಿ ಮಾರಿದರು. ಗಂಟಿ ಹೋದ ಮೇಲೆ ಹಾಲು ಹೋಯಿತು, ಹಾಲಿನ ಜೊತೆ ಓಟೂ ಹೋಯಿತು. ಇಪ್ಪತ್ತೈದು ವರ್ಷದ ಸಂಭ್ರಮದ ಹೊತ್ತಿನಲ್ಲಿ ಇದನ್ನು ಹೇಳದೆ ಇದ್ದರೆ ನಾವು ನಿರ್ದೇಶಕರಾಗಿ ಕೂತು ಪ್ರಯೋಜನವಿಲ್ಲ. ಹಟ್ಟಿ ಖಾಲಿಯಾದ ಊರಿನ ಸಂಘದಲ್ಲಿ ಕಟ್ಟಡ ಇರಬಹುದು, ಸದಸ್ಯರು ಇರುವುದಿಲ್ಲ. ಸದಸ್ಯರಿಲ್ಲದ ಸಂಘದ ಮಾತನ್ನು ಯಾವ ಸರಕಾರವೂ ಕೇಳುವುದಿಲ್ಲ.

ಇನ್ನೊಂದು ಸಂಗತಿ, ತಾಯಂದಿರು ಗಮನ ಕೊಡಬೇಕು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಕ್ಕಚ್ಚು ಕೊಟ್ಟು, ಸೆಗಣಿ ಬಾಚಿ, ಹಾಲು ಕರೆಯುವವರು ನೀವು. ಎಷ್ಟೋ ಮನೆಯಲ್ಲಿ ಸದಸ್ಯತ್ವ ಮಾತ್ರ ಗಂಡಸರ ಹೆಸರಿನಲ್ಲಿ. ಹಾಗಾಗಿ ಕೆಲಸ ನಿಮ್ಮದು, ಓಟು ಅವರದು. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಇದ್ದರೂ ಅದಕ್ಕೆ ನಿಲ್ಲಲು ಮೊದಲು ಸದಸ್ಯರಾಗಬೇಕಲ್ಲ? ನಿಮ್ಮ ಹೆಸರಿನಲ್ಲೇ ಶೇರು ಮಾಡಿಸಿ, ನಿಮ್ಮ ಹೆಸರಿನಲ್ಲೇ ಹಾಲು ಕೊಡಿ.

ಬೆಳ್ಳಿಹಬ್ಬದ ನೆನಪಿಗೆ ನಾವು ಮೂರು ಕೆಲಸವನ್ನು ಸಭೆಯ ಮುಂದೆ ಇಡುತ್ತೇವೆ. ಒಂದು, ಅನರ್ಹರ ಪಟ್ಟಿಯಲ್ಲಿರುವ ಪ್ರತಿ ಮನೆಗೂ ನಿರ್ದೇಶಕರು ಹೋಗಿ ಕಾರಣ ಕೇಳಿಕೊಂಡು ಬರುವುದು. ಹುಲ್ಲಿನ ತೊಂದರೆಯೋ, ಸಾಲದ ತೊಂದರೆಯೋ, ಸಂಘದಿಂದ ಆಗುವ ಸಹಾಯ ಮಾಡಿ ಒಂದು ದನವಾದರೂ ಆ ಹಟ್ಟಿಗೆ ಬರುವ ಹಾಗೆ ನೋಡುವುದು. ಎರಡು, ಹಾಲು ಕರೆಯುವ ಹೆಂಗಸರನ್ನು ಅವರ ಹೆಸರಿನಲ್ಲೇ ಸದಸ್ಯರಾಗಿ ಮಾಡುವುದು. ಮೂರು, ಯಾವ ಚುನಾವಣೆ ಬಂದರೂ ಅದಕ್ಕೆ ಮೊದಲು ಊರಿನ ಬೇಸಾಯಗಾರರು ಪಕ್ಷ ನೋಡದೆ ಒಂದು ಕಡೆ ಕೂತು ಒಂದೇ ಹಾಳೆಯಲ್ಲಿ ನಮ್ಮ ಬೇಡಿಕೆ ಬರೆಯುವುದು. ಕೊಯ್ಲಿನ ಹೊತ್ತಿಗೆ ಖರೀದಿ ಕೇಂದ್ರ, ನಾಲೆಯ ನೀರು ಬಾರದ ಗದ್ದೆಗಳ ಪಟ್ಟಿ, ತೀರ್ಮಾನವಾಗದೆ ಉಳಿದ ಅಕ್ರಮ ಸಕ್ರಮ ಅರ್ಜಿಗಳು, ಬೆಳೆಗೆ ಇಳಿಯುವ ಮಂಗ, ಹಂದಿ, ಕಾಡುಕೋಣದ ಪರಿಹಾರ. ಓಟು ಕೇಳಲು ಬಂದ ಎಲ್ಲರಿಗೂ ಅದೇ ಹಾಳೆ ಕೊಡುವುದು. ಗೆದ್ದವರಿಗೆ ವರ್ಷಕ್ಕೊಮ್ಮೆ ಅದೇ ಹಾಳೆ ಮತ್ತೆ ತೋರಿಸಿ ಎಷ್ಟು ಆಯಿತು ಎಂದು ಕೇಳುವುದು. ಇದು ಸಂಘದ ಹೆಸರಿನಲ್ಲಿ ಬೇಡ, ಊರಿನ ಹೆಸರಿನಲ್ಲಿ ಆಗಲಿ.

ಇದರಲ್ಲಿ ಕಷ್ಟದ್ದೇನೂ ಇಲ್ಲ. ದಿನಕ್ಕೆ ಎರಡು ಸಲ, ಮಳೆಯಿರಲಿ ಬಿಸಿಲಿರಲಿ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ನಾವು. ಐದು ವರ್ಷಕ್ಕೊಮ್ಮೆ ಬೂತಿನ ಸಾಲಿನಲ್ಲಿ ನಿಲ್ಲುವುದು, ವರ್ಷಕ್ಕೊಮ್ಮೆ ಮಹಾಸಭೆಗೆ ಬರುವುದು, ಗ್ರಾಮಸಭೆಯಲ್ಲಿ ಎದ್ದು ಒಂದು ಮಾತು ಕೇಳುವುದು ಅದಕ್ಕಿಂತ ಭಾರದ ಕೆಲಸವಲ್ಲ.

 ಸಂಜೆಯ ಹಾಲಿನ ಹೊತ್ತಾಯಿತು, ಗಂಟಿಗಳು ಕಾಯುತ್ತಿವೆ. 

ಜೈ ಹಿಂದ್. ಜೈ ಸಹಕಾರ.